ಚಾವಿ ಬಂಡೆಪ್ಪನ ಶುಕ್ರವಾರ

ಮುಖವನ್ನೇ ನೋಡಿರದ ಒಬ್ಬ ಮನುಷ್ಯನನ್ನು ನಾನು ಮೂವತ್ತು ವರ್ಷ ಬೆಳ್ಳಂಬೆಳಿಗ್ಗೆ ಬೈದಿದ್ದೇನೆ. ಅವನ ಹೆಸರು ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವನು ಕೆಳಗೆ ಎಲ್ಲೋ ರಸ್ತೆಯಲ್ಲಿ ನಿಂತು, ಆಳುದ್ದದ ಕಬ್ಬಿಣದ ಚಾವಿಯಿಂದ ನೆಲದೊಳಗಿನ ವಾಲ್ವ್ ತಿರುಗಿಸಿದರೆ ಮಾತ್ರ ಆಂಟಾಪ್ ಹಿಲ್‌ನ ನಮ್ಮ ಗಲ್ಲಿಗೆ ನೀರು. ಮುನಿಸಿಪಾಲ್ಟಿಯ ಆ ಕೆಲಸದವರಿಗೆ ಮುಂಬೈಯಲ್ಲಿ ಚಾವಿವಾಲಾ ಎನ್ನುತ್ತಾರೆ. ಐದೂವರೆಗೆ ಬರಬೇಕಾದ ನೀರು ಐದೂಮುಕ್ಕಾಲಾದರೂ ಬರದಿದ್ದರೆ ನಾನು ಖಾಲಿ ಕೊಡದ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು, "ಆ ಚಾವಿಯವನ ಕೈ ಸೇದಿಹೋಗಲಿ!" ಎಂದು ಶುರುಮಾಡುತ್ತಿದ್ದೆ. ನನ್ನ ಗಂಟಲು ಸಣ್ಣದಲ್ಲ. ನಮ್ಮ ಮನೆ ಗುಡ್ಡದ ತುದಿಯಲ್ಲಿತ್ತು, ಆ ಲೈನಿನ ಕಟ್ಟಕಡೆಯ ನಳ ನಮ್ಮದು, ಹಾಗಾಗಿ ಎಲ್ಲರ ಬೈಗಳು ಮುಗಿದ ಮೇಲೂ ನನ್ನದು ನಡೆಯುತ್ತಲೇ ಇರುತ್ತಿತ್ತು.

ಆ ಮನುಷ್ಯ ನನಗೆ ಸಿಕ್ಕಿದ್ದು ಒಂದು ಕಾರ್ಟೂನಿನಿಂದ.

ನಾನು ಅಕ್ಕು. ಕಾರ್ಕಳದ ಹತ್ತಿರದವಳು, ಮದುವೆಯಾಗಿ ಮುಂಬೈಗೆ ಬಂದು ನಲವತ್ತು ವರ್ಷವಾಯಿತು. ನನ್ನ ಗಂಡ ಸದಾನಂದ ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಅವರು ಹೋದ ಮೇಲೆ ಗುಡ್ಡದ ಕೆಳಗೆ ಒಂದು ಕೋಣೆ ಹಿಡಿದು ಬಾಲವಾಡಿ ಶುರುಮಾಡಿದೆ. ಮೂರರಿಂದ ಐದು ವರ್ಷದ ಇಪ್ಪತ್ತೆರಡು ಮಕ್ಕಳು. ಮಂಗಳೂರು ಕಡೆಯವು ಕೆಲವು, ಕಲಬುರಗಿ ಕಡೆಯವು ಹಲವು, ನಡುವೆ ನಾಲ್ಕು ತಮಿಳು ಮಕ್ಕಳು. ಎಲ್ಲವೂ ಜಗಳ ಆಡುವುದು ಹಿಂದಿಯಲ್ಲಿ, ಅಳುವುದು ಮಾತ್ರ ಅವರವರ ಭಾಷೆಯಲ್ಲಿ.

ಹೋದ ವರ್ಷ ಜೂನ್‌ನಲ್ಲಿ ಇಲ್ಲಿನ ನಮ್ಮ ಕನ್ನಡ ಸಂಘದವರು ಬಾಲವಾಡಿಗೆ ಒಂದು ಟಿವಿ ಕೊಟ್ಟರು, ಜೊತೆಗೆ ಒಂದು ಪೆನ್‌ಡ್ರೈವ್. ಅದರಲ್ಲಿ ಇಪ್ಪತ್ತನಾಲ್ಕು ಹಿಂದಿ ಕಾರ್ಟೂನು, ನಮ್ಮ ಸುತ್ತಮುತ್ತ ನಮಗೆ ನೆರವಾಗುವವರು ಯಾರು ಯಾರು ಅಂತ ಸಣ್ಣ ಮಕ್ಕಳಿಗೆ ಕಲಿಸುವಂಥವು. ವಾರಕ್ಕೊಂದು ಎಂದು ಶುಕ್ರವಾರ ಗೊತ್ತುಮಾಡಿದೆ. ಟೋಪಿ ಹಾಕಿದ ಒಂದು ನೀಲಿ ಕಾಗೆ ಹಾರಿ ಬಂದು, "ಬೋಲೋ ಬಚ್ಚೋ, ಆಜ್ ಕೌನ್ ಆಯಾ?" ಎಂದು ಕೇಳುತ್ತದೆ. ಆಮೇಲೆ ಡಾಕ್ಟರ್ ಬರುತ್ತಾರೆ, ನರ್ಸ್ ಬರುತ್ತಾಳೆ, ಪೊಲೀಸ್ ಬರುತ್ತಾನೆ. ಒಂದು ಹಾಡು, ಒಂದು ಕುಣಿತ, ಮುಗಿಯಿತು.

ನನಗೆ ಆ ಕಾಗೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಅದರ ಊರಿನಲ್ಲಿ ಪೋಸ್ಟ್‌ಮ್ಯಾನ್ ನಗುನಗುತ್ತಾ ಸೈಕಲ್ ಬೆಲ್ಲು ಹೊಡೆಯುತ್ತಾನೆ. ನಮ್ಮ ಪೋಸ್ಟ್‌ಮ್ಯಾನ್ ಪಾಪ ಮೆಟ್ಟಿಲು ಹತ್ತಿ ಹತ್ತಿ ನಗುವುದನ್ನೇ ಮರೆತಿದ್ದಾನೆ. ಅಲ್ಲಿ ಹಾಲಿನವನ ಹಿಂದೆ ಒಂದು ಹಸು ಬರುತ್ತದೆ. ಬೆಂಕಿ ಆರಿಸುವವರು ಮರದ ಮೇಲಿನ ಬೆಕ್ಕನ್ನು ಇಳಿಸುತ್ತಾರೆ. ಎಲ್ಲರ ಬಟ್ಟೆಯೂ ಇಸ್ತ್ರಿ, ಯಾರೊಬ್ಬರಿಗೂ ಬೆವರಿಲ್ಲ. ಮಕ್ಕಳಿಗೇನೋ ಖುಷಿ. ಆದರೆ ಆ ಕಾರ್ಟೂನನ್ನು ಮಕ್ಕಳಿಗಿಂತ ಹೆಚ್ಚು ಆಸೆಯಿಂದ ನೋಡುತ್ತಿದ್ದದ್ದು ಕಿಟಕಿಯ ಹೊರಗೆ ಬೆಂಚಿನ ಮೇಲೆ ಕೂತ ಒಬ್ಬ ಅಜ್ಜ.

ಅವರು ಬಂಡೆಪ್ಪ, ಆಳಂದದ ಕಡೆಯವರು. ನಾಲ್ಕು ವರ್ಷದ ಮೊಮ್ಮಗಳು ಶಿವಕುಮಾರಿಯನ್ನು ಬಿಡಲು ಬರುತ್ತಿದ್ದರು. ಮಗ ಯಲ್ಲಾಲಿಂಗನಿಗೆ ಬೊರಿವಲಿಯಲ್ಲಿ ಲಿಫ್ಟ್ ರಿಪೇರಿಯ ಕೆಲಸ, ಬೆಳಿಗ್ಗೆ ಲೋಕಲ್ ಹತ್ತಿದರೆ ಕತ್ತಲಾದ ಮೇಲೆಯೇ ಮನೆ. ಸೊಸೆಗೂ ಕೆಲಸ. ಬಂಡೆಪ್ಪನವರದು ಬಡಕಲು ಮೈ, ಬಿಳಿ ಮೀಸೆ, ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶಿವಿಯ ಚೀಲದ ಜಿಪ್ಪನ್ನು ಎಡಗೈಯಲ್ಲೇ ಎಳೆಯುತ್ತಿದ್ದರು. ಬೇರೆ ದಿನ ಮಗುವನ್ನು ಬಿಟ್ಟು ಹೊರಟುಹೋಗುವವರು ಶುಕ್ರವಾರ ಮಾತ್ರ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

ಮೂರನೆಯ ವಾರವೋ ನಾಲ್ಕನೆಯ ವಾರವೋ, ಕಾರ್ಟೂನು ಮುಗಿದ ಮೇಲೆ ಕಿಟಕಿಗೆ ಮುಖವಿಟ್ಟು ಕೇಳಿದರು, "ಅಕ್ಕೋರ, ಇದರಾಗ ನೀರು ಬಿಡಾಂವ ಯಾವಾಗ ಬರ್ತಾನ್ರೀ?"

ಆ ಹೊತ್ತಿಗೆ ಇಬ್ಬರು ಮಕ್ಕಳು ಒಂದು ಚಪಾತಿಯನ್ನು ಎರಡು ಕಡೆಯಿಂದ ಎಳೆಯುತ್ತಿದ್ದರು. ನಾನು ತಿರುಗಿಯೂ ನೋಡದೆ, "ಬರ್ತಾರೆ ಮಾರಾಯ್ರೇ, ಬರ್ತಾರೆ. ಕೊನೆಗೆ ಬರ್ತಾರೆ" ಎಂದುಬಿಟ್ಟೆ. ಮಕ್ಕಳನ್ನು ಸುಮ್ಮನಾಗಿಸಿ ಸುಮ್ಮನಾಗಿಸಿ ಬಾಲವಾಡಿಯ ಟೀಚರುಗಳಿಗೆ ಇದೊಂದು ಕೆಟ್ಟ ಅಭ್ಯಾಸ ಆಗಿಬಿಡುತ್ತದೆ. ನಾಳೆ ಬರುತ್ತದೆ, ಆಮೇಲೆ ಬರುತ್ತದೆ ಅನ್ನುವುದು. ಮಕ್ಕಳು ಮರೆಯುತ್ತಾರೆ. ಬಂಡೆಪ್ಪ ಮರೆಯುವ ಆಸಾಮಿಯಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಪ್ರತಿ ಶುಕ್ರವಾರ ಹೋಗುವಾಗ ಎಣಿಕೆ ಹೇಳುತ್ತಿದ್ದರು. "ಇನ್ನ ಹದಿನೇಳು ಅವ ಅಕ್ಕೋರ." "ಇನ್ನ ಹನ್ನೆರಡು." ನನಗೆ ಕುತೂಹಲ ಬಂದದ್ದು ಆಗ. ಅಕ್ಟೋಬರಿನಲ್ಲಿ ಒಂದು ದಿನ ಬೆಂಚಿನ ಹತ್ತಿರ ಹೋಗಿ ಕೇಳಿದೆ, "ನಿಮಗೆ ನೀರಿನವರೇ ಯಾಕೆ ಬೇಕು ಬಂಡೆಪ್ಪನವರೇ?"

"ನಾ ಅದೇ ಕೆಲಸದಾಗ ಇದ್ದೆ ನೋಡ್ರಿ. ಚಾವಿ. ಎಂಬತ್ತಾರನೇ ಇಸ್ವಿಯಿಂದ ರಿಟೈರ್ ಆಗೋ ತನಕ ಈ ಗುಡ್ಡದ ಲೈನೇ ನಂದು. ಮಂದಿ ನನಗ ಚಾವಿ ಬಂಡೆಪ್ಪ ಅಂತಾರ."

ಕಣ್ಣು ತಾನಾಗಿ ಅವರ ಬಲಗೈಯ ಮೇಲೆ ಹೋಯಿತು.

"ಕೈಗೆ ಎಂತ ಆದದ್ದು?"

"ಎಂಟನೇ ನಂಬರ್ ವಾಲ್ವ್ ರೀ" ಎಂದರು, ಹಳೆಯ ಜಗಳಗಂಟ ನೆಂಟನ ಹೆಸರು ಹೇಳುವಂತೆ. "ತೆಗ್ಯಾಕ ನಲವತ್ತು ಸುತ್ತು, ಮುಚ್ಚಾಕ ನಲವತ್ತು ಸುತ್ತು. ದಿನಾ. ಭುಜ ಸವದು ಹೋತು."

ಅವತ್ತು ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಕೈ ಸೇದಿಹೋಗಲಿ ಎಂದು ಎಷ್ಟು ಸಲ ಹೇಳಿದ್ದೆನೋ, ಲೆಕ್ಕ ಇಟ್ಟವರು ಯಾರು! ಬೈಗಳು ಫಲಿಸುತ್ತದೆ ಎಂದು ನಂಬುವವಳಲ್ಲ ನಾನು.

ಆಮೇಲೆ ಶುಕ್ರವಾರಗಳಲ್ಲಿ ಬೆಂಚಿನ ಮೇಲೆ ಮಾತು ಬೆಳೆಯಿತು. ಬಂಡೆಪ್ಪ ತಮ್ಮ ಕೆಲಸದ ಕಥೆ ಹೇಳುತ್ತಿದ್ದರು, ನನಗೆ ನಮ್ಮ ಗಲ್ಲಿಯ ಆ ಬೆಳಗುಗಳು ಹಾಗೆ ಹಾಗೆಯೇ ಎದ್ದು ಬರುತ್ತಿದ್ದವು. ಕತ್ತಲಿನಲ್ಲಿ ನಳದ ಮುಂದೆ ಸಾಲಾಗಿ ಇಟ್ಟ ತಾಮ್ರದ ಹಂಡೆ, ಅಲ್ಯುಮಿನಿಯಂ ಕೊಡ, ಡಾಲ್ಡಾ ಡಬ್ಬ. ಜಾಗ ಹಿಡಿಯಲು ಯಾರೋ ಇಟ್ಟ ಒಂದೇ ಒಂದು ಚಪ್ಪಲಿ. ನಿದ್ದೆಗಣ್ಣಿನಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು. ಕಾಯುತ್ತಾ ಕಾಯುತ್ತಾ ನಾವು ಒಬ್ಬರ ತಲೆ ಒಬ್ಬರು ಬಾಚಿದ್ದೇವೆ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈದಿದ್ದೇವೆ, ಪಕ್ಕದ ಮನೆಯ ಸೇವಂತಿ ನನಗೆ ಮರಾಠಿ ಕಲಿಸಿದ್ದೂ ಅಲ್ಲೇ. ಆಮೇಲೆ ನಳ ಒಮ್ಮೆ ನಿಟ್ಟುಸಿರು ಬಿಡುತ್ತಿತ್ತು. ಎರಡು ಸಲ ಕೆಮ್ಮುತ್ತಿತ್ತು. "ಆಲಂ, ಪಾಣಿ ಆಲಂ!" ಎಂದು ನೀರು ಬಂದ ಸುದ್ದಿಯ ಮರಾಠಿ ಕೂಗು ಗಲ್ಲಿಯ ಬುಡದಿಂದ ಮನೆಯಿಂದ ಮನೆಗೆ ಹತ್ತಿಕೊಂಡು ಬಂದು ನಮ್ಮ ಬಾಗಿಲಿಗೆ ತಲುಪುತ್ತಿತ್ತು. ಈಗ ಎಲ್ಲರ ಮನೆಯ ಮೇಲೂ ಟ್ಯಾಂಕಿ ಇದೆ. ತಿರುಗಿಸಿದರೆ ನೀರು. ಸುಖ ಹೌದು, ಸುಳ್ಳು ಹೇಳಬಾರದು. ಆದರೆ ಪಕ್ಕದ ಮನೆಯವಳ ತಲೆ ಬಾಚದೆ ಎಷ್ಟು ವರ್ಷವಾಯಿತು!

ಬಂಡೆಪ್ಪ ಹೇಳುತ್ತಿದ್ದರು: ವಾಲ್ವ್ ತೆಗೆದ ಮೇಲೆ ಚಾವಿಯ ತುದಿಗೆ ಕಿವಿಯಿಟ್ಟರೆ ಪೈಪಿನೊಳಗೆ ನೀರು ಎಲ್ಲಿ ಹೋಗುತ್ತಿದೆ ಎಂದು ಕೇಳಿಸುತ್ತದಂತೆ. ಇನ್ನೊಂದು ಪದ್ಧತಿಯೂ ಇತ್ತಂತೆ, ಯಾವ ಪುಸ್ತಕದಲ್ಲೂ ಇಲ್ಲದ್ದು. ಒಂದು ಗಲ್ಲಿಯಲ್ಲಿ ಮದುವೆಯೋ ಸಾವೋ ಆದರೆ ಆ ಮನೆಯವರು ಹಿಂದಿನ ದಿನವೇ ಬಂದು ಚಾವಿಯವರಿಗೆ ಹೇಳುತ್ತಿದ್ದರು. ಅವತ್ತು ಆ ಗಲ್ಲಿಯ ವಾಲ್ವ್ ಮುಚ್ಚುವಾಗ ನಾಲ್ಕು ಸುತ್ತು ಹಾಗೇ ಬಿಡುವುದು. ಮತ್ತೆ ಅರ್ಧ ಗಂಟೆ ಸಣ್ಣಗೆ ನೀರು ಬರುತ್ತಿರುತ್ತದೆ.

"ಪುಗಸಟ್ಟೆ ಅಲ್ರೀ ಅದು" ಎಂದಿದ್ದರು ಬಂಡೆಪ್ಪ. "ಇಲ್ಲಿ ನಾಕು ಸುತ್ತು ಬಿಟ್ರ ಅಲ್ಲಿ ಬಿಲ್ಡಿಂಗಿನವರಿಗಿ ಕಡಿಮಿ ಆಗ್ತದ. ಅವರು ಕಂಪ್ಲೇಂಟ್ ಕೊಡ್ತಾರ, ಸಾಹೇಬ ನನ್ನ ಬೈತಾನ. ಸತ್ತ ಮನಿಗಿ ನೀರು ಇಲ್ಲಂದ್ರ ಹ್ಯಾಂಗ್ರೀ?"

ಅದನ್ನು ಕೇಳಿ ನನಗೆ ಒಂದು ಬೆಳಗು ನೆನಪಾಯಿತು, ಆದರೆ ಅವರಿಗೆ ಹೇಳಲಿಲ್ಲ. ಎರಡು ಸಾವಿರದ ಮೂರನೆಯ ಇಸವಿ. ನನ್ನ ಗಂಡ ಪರೇಲಿನ ಆಸ್ಪತ್ರೆಯಲ್ಲಿ ತೀರಿಕೊಂಡು, ರಾತ್ರಿ ಮನೆಗೆ ತಂದು ಮಲಗಿಸಿದ್ದರು. ಮರುದಿನ ಬೆಳಿಗ್ಗೆ ನೀರು ಬಂತು, ಎಂದಿನ ಹೊತ್ತಿಗೆ ಹೋಗಲಿಲ್ಲ. ಅರ್ಧ ಗಂಟೆ ಹೆಚ್ಚಿಗೆ ಬಂತು. ಮೀಯಿಸಲು, ತೊಳೆಯಲು, ಊರಿಂದ ಬರುವವರಿಗೆ, ಎಲ್ಲದಕ್ಕೂ ಸಾಕಾಯಿತು. "ಸದಾನಂದಣ್ಣ ಪುಣ್ಯವಂತರು, ಹೋಗುವಾಗಲೂ ಗಲ್ಲಿಗೆ ನೀರು ಕೊಟ್ಟು ಹೋದರು" ಎಂದು ಸೇವಂತಿ ಅತ್ತಿದ್ದಳು. ನಾನೂ ಹಾಗೆಯೇ ನಂಬಿಕೊಂಡಿದ್ದೆ. ಯಾಕೆಂದರೆ ಚಾವಿಯವರಿಗೆ ಹೇಳಲು ಅವತ್ತು ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಹಾಗೆ ಹೇಳಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ.

ಹಬ್ಬ, ಮಳೆ, ರಜೆ ಎಂದು ಎಷ್ಟೋ ಶುಕ್ರವಾರ ತಪ್ಪಿ ಜನವರಿ ಕಳೆಯಿತು. ಇನ್ನು ಮೂರು ಕಾರ್ಟೂನು ಉಳಿದಿದ್ದವು. ಒಂದು ದಿನ ಶಿವಿ ಬಂದು ನನ್ನ ಸೀರೆ ಎಳೆದು, "ಟೀಚರ್, ಲಾಸ್ಟ್ ಫ್ರೈಡೇ ಮೇರಾ ಅಜ್ಜಾ ಟಿವಿ ಮೇ ಆಯೇಗಾ!" ಎಂದಿತು. ಅದರ ಹಿಂದೆ ಇಡೀ ಬಾಲವಾಡಿ ನಿಂತಿತ್ತು. "ಶಿವಿ ಕಾ ಅಜ್ಜಾ, ಶಿವಿ ಕಾ ಅಜ್ಜಾ" ಎಂದು ಕುಣಿಯಲು ಶುರು. ನಾನು ಹೋಗಿ ಕಪಾಟು ತೆರೆದೆ. ಪೆನ್‌ಡ್ರೈವಿನ ಜೊತೆ ಬಂದ ಹಾಳೆಯಲ್ಲಿ ಇಪ್ಪತ್ತನಾಲ್ಕು ಹೆಸರೂ ಅಚ್ಚಾಗಿದ್ದವು. ಜೂನ್‌ನಿಂದಲೇ ಅದು ನನ್ನ ಕಪಾಟಿನಲ್ಲಿತ್ತು. ಕೊನೆಯದು ತೋಟದ ಮಾಲಿ. ನೀರು ಬಿಡುವವನು ಅದರಲ್ಲಿ ಎಲ್ಲೂ ಇರಲಿಲ್ಲ.

ಎರಡು ವಾರ ನಾನು ಹೇಡಿಯಂತೆ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಯ ಶುಕ್ರವಾರದ ಹಿಂದಿನ ದಿನ ಬಂಡೆಪ್ಪ ಶಿವಿಯನ್ನು ಬಿಟ್ಟು ಹೊರಟಾಗ ತಡೆದು ನಿಲ್ಲಿಸಿದೆ. "ಬಂಡೆಪ್ಪನವರೇ, ನಾನು ಸುಳ್ಳು ಹೇಳಿದೆ. ಆ ಕಾರ್ಟೂನಿನಲ್ಲಿ ನೀರಿನವರು ಇಲ್ಲ. ಇಲ್ಲವೇ ಇಲ್ಲ."

ಅವರು ಮೀಸೆ ಸವರಿಕೊಂಡರು. "ಹಾಂ" ಎಂದರು. ಮತ್ತೆ, "ನನಗೇನಿಲ್ರೀ ಅಕ್ಕೋರ. ಮೂವತ್ತೊಂದು ವರ್ಷ ಯಾರೂ ನೋಡ್ಲಿಲ್ಲ, ಇನ್ನ ಮ್ಯಾಲ ಏನು. ಆದರ ಕೂಸಿಗಿ ಹೇಳಿಬಿಟ್ಟೀನಿ. ಅದು ಎಲ್ಲ ಹುಡುಗರಿಗಿ ಹೇಳ್ಯಾದ. ಅದರ ಮುಂದ ನಾ ಸುಳ್ಳ ಆಗಬಾರದಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಗಳನ್ನು ಹೇಗೆ ತಾಳಿಕೊಳ್ಳಬೇಕೆಂದು ನನಗೆ ಗೊತ್ತು. ಅವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋದರು. ನನಗೆ ಸಿಟ್ಟು ಬಂತು, ನನ್ನ ಮೇಲೆ, ಆ ಕಾಗೆಯ ಮೇಲೆ, ಮಾಲಿಯನ್ನು ಹಾಕಿ ಅವನ ಪೈಪಿಗೆ ನೀರು ಬಿಟ್ಟವನನ್ನು ಮರೆತ ಆ ಕಾರ್ಟೂನಿನವರ ಮೇಲೆ. ಸಿಟ್ಟು ಬಂದಾಗಲೇ ನನ್ನ ತಲೆ ಓಡುವುದು.

"ಬಂಡೆಪ್ಪನವರೇ!" ಎಂದು ಹಿಂದಿನಿಂದ ಕೂಗಿದೆ. "ನಿಮ್ಮ ಕೆಲಸದ ಖಾಕಿ ಅಂಗಿ ಉಂಟಲ್ಲ? ನಾಳೆ ಅದನ್ನು ಹಾಕಿಕೊಂಡು ಬನ್ನಿ. ಬೆಂಚಿನಲ್ಲಿ ಕೂರಲಿಕ್ಕೆ ಅಲ್ಲ, ಒಳಗೆ ಬರಲಿಕ್ಕೆ."

ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ ಬಾಲವಾಡಿಯ ಹಿಂದಿನ ವಾಲ್ವ್ ಮುಚ್ಚಿದೆ. ಮಾಡಿನ ಮೇಲಿನ ಟ್ಯಾಂಕಿಯಿಂದ ಇಳಿಯುವ ಪೈಪಿಗೆ ಹಾಕಿದ ಪುಟ್ಟ ಗಾಲಿಯಂಥ ವಾಲ್ವ್ ಅದು. ಪೈಪಿನಲ್ಲಿದ್ದ ನೀರನ್ನೆಲ್ಲ ಬಕೆಟಿಗೆ ಹರಿಸಿ ನಳ ಒಣಗಿಸಿದೆ. ಮಕ್ಕಳು ಬಂದವು. ಮಾಲಿ ಬಂದ, ಹಾಡಿದ, ಕುಣಿದ, ಗುಲಾಬಿಗೆ ನೀರು ಹಾಕಿದ. ಕಾಗೆ ಟಾಟಾ ಮಾಡಿತು. ಟಿವಿ ಕಪ್ಪಾಯಿತು. ಶಿವಿ ಮಾತ್ರ ಎದ್ದು ನಿಂತು ಆ ಕಪ್ಪು ಪರದೆಯನ್ನೇ ನೋಡುತ್ತಿತ್ತು. "ಅಜ್ಜಾ ಕಿಧರ್?" ಎಂದು ಒಬ್ಬ ಕೇಳಿದ. ಶಿವಿ ಕಿಟಕಿಯ ಹೊರಗಿನ ಖಾಲಿ ಬೆಂಚಿನತ್ತ ತಿರುಗಿತು.

"ಎಲ್ಲರೂ ಏಳಿ! ನಿಮ್ಮ ನಿಮ್ಮ ಲೋಟ ಹಿಡಿದುಕೊಂಡು ಲೈನ್ ಮಾಡಿ. ನಳದ ಹತ್ತಿರ!" ಎಂದೆ, ನನ್ನ ಹಳೆಯ ಗಂಟಲಿನಲ್ಲಿ.

ನಳ ತಿರುಗಿಸಿದರು, ನೀರಿಲ್ಲ. "ಟೀಚರ್, ಪಾಣಿ ನಹೀ!" ಇಪ್ಪತ್ತೆರಡು ಮುಖಗಳಲ್ಲಿ ಗಾಬರಿ. ನಳ ತಿರುಗಿಸಿದರೆ ನೀರು ಬಾರದೆ ಇರಬಹುದು ಎಂಬುದನ್ನು ಆ ಮಕ್ಕಳಲ್ಲಿ ಹಲವರು ಕಂಡೇ ಇರಲಿಲ್ಲ. "ಬರುವುದಿಲ್ಲ" ಎಂದೆ. "ಯಾರಾದರೂ ಬಿಟ್ಟರೆ ಮಾತ್ರ ಬರುವುದು. ಬಿಡುವವರು ಯಾರು?"

ಆಗ ಹಿಂದಿನ ಬಾಗಿಲಲ್ಲಿ ಬಂಡೆಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಮೈ ಇಳಿದು ಅಂಗಿ ದೊಗಳೆಯಾಗಿತ್ತು. ಮಕ್ಕಳನ್ನೆಲ್ಲ ಪೈಪಿನ ಸುತ್ತ ಕರೆದರು. ಒಬ್ಬೊಬ್ಬರ ಕಿವಿಯನ್ನೂ ಪೈಪಿಗೆ ಹಚ್ಚಿಸಿದರು. "ಮೊದಲ ಗಾಳಿ ಬರ್ತದ. ಆಮ್ಯಾಲ ನೀರು. ಗುಲ್ಲ ಮಾಡಬ್ಯಾಡ್ರಿ, ಕೇಳ್ರಿ." ಎಡಗೈಯಿಂದ ಗಾಲಿ ಹಿಡಿದು ತಿರುಗಿಸಿದರು. ಅದು ಬಿಗಿಯಾಗಿತ್ತು. ಶಿವಿ ಅಜ್ಜನ ಕೈಯ ಮೇಲೆ ತನ್ನ ಎರಡೂ ಕೈಯಿಟ್ಟಿತು. "ಒಂದು" ಎಂದರು ಬಂಡೆಪ್ಪ. "ಏಕ್" ಎಂದವು ಮಕ್ಕಳು. "ಎರಡು." "ದೋ."

ಮೂರನೆಯ ಸುತ್ತಿಗೆ ನಳ ನಿಟ್ಟುಸಿರು ಬಿಟ್ಟಿತು. ಆ ಸದ್ದು ಕೇಳದೆ ಎಷ್ಟು ವರ್ಷವಾಗಿತ್ತೋ. ನಳ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಧೋ ಎಂದು ನೀರು. ಮಕ್ಕಳು ಕಿರುಚಿದ ಕಿರುಚಾಟಕ್ಕೆ ಎದುರು ಬಿಲ್ಡಿಂಗಿನ ಕಿಟಕಿಗಳು ತೆರೆದುಕೊಂಡವು. "ಅಜ್ಜಾ ನೇ ಪಾಣಿ ಲಾಯಾ!" ಎಂದು ಶಿವಿ ಕೂಗಿತು. ಲೋಟದ ನೀರನ್ನು ಯಾರೂ ಕುಡಿಯಲಿಲ್ಲ, ತಲೆಗೆ ಸುರಿದುಕೊಂಡರು. ಬಂಡೆಪ್ಪ ಖಾಕಿ ತೋಳಿನಿಂದ ಕಣ್ಣು ಒರೆಸಿಕೊಂಡರು.

ಮಕ್ಕಳ ಮೈ ಒರೆಸಿ, ಊಟಕ್ಕೆ ಕೂರಿಸಿ, ಎರಡು ಕಟಿಂಗ್ ಚಾ, ಅಂದರೆ ಅರ್ಧರ್ಧ ಗ್ಲಾಸು, ತರಿಸಿ ಬೆಂಚಿಗೆ ಹೋದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಬಂಡೆಪ್ಪನವರೇ, ನಾನು ಮೇಲಿನ ಗಲ್ಲಿಯ ತುದಿಯ ಮನೆಯವಳು. ನಿಮ್ಮನ್ನು ದಿನಾ ಬೈಯುತ್ತಿದ್ದೆ. ಕೈ ಸೇದಿಹೋಗಲಿ ಅಂತ ಹೇಳಿದ್ದೇನೆ."

ಅವರು ಸಾಸರ್ ಇಲ್ಲದ ಚಾವನ್ನು ಊದಿ ಊದಿ ಕುಡಿಯುತ್ತಿದ್ದರು. "ಗೊತ್ತದ ರೀ" ಎಂದರು.

"ಗೊತ್ತುಂಟಾ?"

"ನಾ ವಾಲ್ವ್ ತೆಗದು ಗಲ್ಲಿ ಬಾಯಾಗ ನಿಲ್ತಿದ್ದೆ. ನೀರು ಏರಿದಂಗೆಲ್ಲ ಕೆಳಗಿನಿಂದ ಒಂದೊಂದೇ ಮನಿ ಬೈಯ್ಯೋದು ನಿಲ್ತಿತ್ತು. ಕೊನೀಗಿ ಒಂದೇ ದನಿ ಉಳೀತಿತ್ತು, ಮಂಗಳೂರು ಮಾತಿಂದು. ಅದು ನಿಂತ್ರ ತುದಿ ತನಕ ನೀರು ಮುಟ್ಟ್ಯಾದ ಅಂತ ಲೆಕ್ಕ. ಆಗ ನಾ ಸೈಕಲ್ ಹತ್ತತಿದ್ದೆ. ಶಿವೀನ ಸೇರಿಸಾಕ ಬಂದ ದಿನ ನೀವು ಒಬ್ಬ ಹುಡುಗಗ ಬೈಲಾಕತ್ತಿದ್ರಿ ನೋಡ್ರಿ, ಅವಾಗೇ ಗುರುತ ಹಿಡದೆ."

ಬಂಡೆಪ್ಪ ಗ್ಲಾಸು ಕೆಳಗಿಟ್ಟರು.

"ಒಂದೇ ದಿನ ನಿಮ್ಮ ದನಿ ತಪ್ಪಿತ್ತು. ಎರಡು ಸಾವಿರದ ಮೂರು ಇರಬೇಕು. ಅವತ್ತ ಎಂಟನೇ ನಂಬರ್ ಬಿಗದು ಲೇಟ್ ಆಗಿತ್ತು. ಬೈತಾರ ಬೈತಾರ ಅಂತ ಕಿವಿ ಕೊಟ್ಟು ನಿಂತೀನಿ, ಒಂದು ದನೀನೂ ಇಲ್ಲ. ಇನ್ನ ನೀರೇ ಏರಿಲ್ಲ, ನೀವು ಸುಮ್ಮ ಆಗೀರಿ. ಮ್ಯಾಲ ಏನೋ ಆಗ್ಯಾದ ಅನಸ್ತು. ಯಾರಿಗಿ ಕೇಳಬೇಕು? ನಾಕು ಸುತ್ತು ಬಿಟ್ಟು ಬಂದೆ."

ನಾನು ಚಾ ಹಿಡಿದುಕೊಂಡೇ ಅತ್ತೆ. ಇಪ್ಪತ್ತು ವರ್ಷ ನನ್ನ ಗಂಡನ ಪುಣ್ಯ ಎಂದು ನಂಬಿದ್ದ ನೀರು ಅದು. ಯಾರೂ ಹೇಳದೆ, ಯಾರೂ ಕೇಳದೆ, ನಾನು ಬೈಯದಿದ್ದುದನ್ನು ಕೇಳಿಸಿಕೊಂಡ ಒಬ್ಬ ಮನುಷ್ಯ ಬಿಟ್ಟ ನೀರು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ, "ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ್ರೇ?"

"ಹೇಳಿದ್ರ ನೀವು ನಾಚ್ಕೊಂಡು ಸುಮ್ಮ ಆಗತಿದ್ರಿ" ಎಂದರು ಬಂಡೆಪ್ಪ. "ನೀವು ಸುಮ್ಮ ಆದ್ರ ನನಗ ಜೀವ ಹಾರ್ತದ ರೀ."

ಒಳಗೆ ಯಾರೋ ಲೋಟ ಉರುಳಿಸಿ, ನೀರು ಚಾಪೆಯ ಮೇಲೆ ಹರಿದು, ಮಕ್ಕಳು ಕೇಕೆ ಹಾಕುತ್ತಿದ್ದವು. ನಾನು ಎದ್ದು ಬಾಗಿಲಿಗೆ ಹೋಗಿ, ಗುಡ್ಡದ ತುದಿಗೆ ಕೇಳುವಂತೆ ಬೈದೆ. ಹಿಂದೆ ಬೆಂಚಿನ ಮೇಲೆ ಬಂಡೆಪ್ಪ ಉಳಿದ ಚಾ ಕುಡಿಯುತ್ತಿದ್ದರು.